ಜಾಜೂರಿನ ಜಾಜ್

ಒಗ್ಗರಣೆಗೆ ಸಾಸಿವೆ ಸಿಡಿಯುವ ಹೊತ್ತಿಗೆ ಸರಿಯಾಗಿ ಹಾಡಿನಲ್ಲೂ ಡ್ರಮ್ಮು ಸಿಡಿಯಬೇಕೆಂದು ಹಟ ಹಿಡಿಯುವ ಗಂಡಸನ್ನು ಅಡುಗೆಮನೆ ಎಷ್ಟು ಹೊತ್ತು ಸಹಿಸೀತು ಎಂಬುದು ಸಂಶೋಧನೆಗೆ ಯೋಗ್ಯವಾದ ವಿಷಯ. ನಮ್ಮ ಮನೆಯ ಮಟ್ಟಿಗೆ ಉತ್ತರ ಸಿಕ್ಕಿದೆ: ಎಣ್ಣೆ ಕಾಯುವಷ್ಟು ಹೊತ್ತು. ಹೊಳಲ್ಕೆರೆಯ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿ ಹುಡುಗರನ್ನೂ ಹಳಗನ್ನಡವನ್ನೂ ಏಕಕಾಲಕ್ಕೆ ದಣಿಸುವ ನನಗೆ ಐವತ್ತು ದಾಟಿದ ಮೇಲೆ ಈ ಜಾಜ್ ಎಂಬ ಪರದೇಶದ ಸಂಗೀತದ ಹುಚ್ಚು ಹಿಡಿದದ್ದಕ್ಕೆ ಮೊಬೈಲೇ ಹೊಣೆ. ನಾನು ಹುಡುಕಿದ್ದು ನಾದಸ್ವರವನ್ನು. ಅದೂ ಊದುವುದು, ಇದೂ ಊದುವುದು ಎಂಬ ಒಂದೇ ನಂಟಿನ ಮೇಲೆ ಆ ಯಂತ್ರ ಯಾವುದೋ ಹಳೆಯ ಕಾಲದ ಸ್ಯಾಕ್ಸೊಫೋನನ್ನು ನನ್ನ ಕಿವಿಗೆ ಕಟ್ಟಿತು, ಕಟ್ಟಿಸಿಕೊಂಡ ನಾನು ಇನ್ನೂ ಬಿಚ್ಚಿಕೊಂಡಿಲ್ಲ.

ಜಾಜ್ ಅಂದರೆ ಅಂದಾಜ್. ಇದು ನನ್ನ ಸ್ವಂತ ವ್ಯಾಖ್ಯಾನ, ಬೇಕಾದರೆ ನಗಿ. ಒಂದು ರಾಗದ ಎಳೆ ಹಿಡಿದು ಹೊರಟವರು ಒಬ್ಬೊಬ್ಬರೂ ತಮ್ಮ ತಮ್ಮ ಅಂದಾಜಿನಲ್ಲಿ ಅಲೆದಾಡಿ, ಕೊನೆಗೆ ಹೇಗೋ ಒಟ್ಟಿಗೇ ಮನೆ ಸೇರುತ್ತಾರೆ. ನನ್ನ ಹೆಂಡತಿ ಗಿರಿಜೆಯ ಅಡುಗೆಯೂ ಹಾಗೆಯೇ. ಉಪ್ಪು ಎಷ್ಟು ಎಂದು ಕೇಳಿದರೆ "ಕೈಗೆ ಗೊತ್ತೈತೆ" ಎನ್ನುತ್ತಾಳೆ. ಇಷ್ಟು ಸಾಮ್ಯ ಸಿಕ್ಕಮೇಲೆ ಮೇಷ್ಟರಾದವನು ಸುಮ್ಮನಿರುವುದುಂಟೆ? ಮಂಡಕ್ಕಿ ಒಗ್ಗರಣೆ ಮೆತ್ತಗಾಗುವ ಮುಂಚೆ ತಿನ್ನಬೇಕಾದ್ದರಿಂದ ಅದಕ್ಕೆ ಓಡುವ ಹಾಡು, ಹುರುಳಿಕಾಳಿನ ಸಾರು ನಿಧಾನಕ್ಕೆ ಕುದಿಯುವುದರಿಂದ ಅದಕ್ಕೆ ಮನಸ್ಸು ನೊಂದ ಹೆಂಗಸಿನ ದನಿ, ಮುದ್ದೆಗೆ ದಪ್ಪ ತಂತಿಯ ವಾದ್ಯದ ಗುಂ ಗುಂ ಎಂದು ಪಾಕಶಾಸ್ತ್ರಕ್ಕೂ ಗಾನಶಾಸ್ತ್ರಕ್ಕೂ ಲಗ್ನ ಮಾಡಿಸಿದೆ. ಗಿರಿಜೆ ಮಾತ್ರ, "ಸಾರಿಗೆ ಹಾಡು ಹಾಕಿದ್ದು ಸಾಕು, ಕೊತ್ತಂಬರಿ ತಗಂಡು ಬರ್ರಿ" ಎಂದು ಪುರೋಹಿತನನ್ನೇ ಮಂಟಪದಿಂದ ಎಬ್ಬಿಸಿದಳು.

ಈ ಲಗ್ನದ ಮನೆಗೆ ಹೋದ ವರ್ಷ ನನ್ನ ಅಕ್ಕ ಶಾಂತಕ್ಕ ಬಂದಳು. ಭಾವ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲಿಗೆ ಹಳಿ ಬದಲಿಸಿಕೊಡುವ ಪಾಯಿಂಟ್ಸ್‌ಮನ್ ಆಗಿದ್ದವರು. ಅಕ್ಕನ ಸಂಸಾರವೆಲ್ಲ ಆ ಊರಿನ ರೈಲ್ವೆ ಕ್ವಾರ್ಟರ್ಸಿನಲ್ಲೇ ಕಳೆಯಿತು, ನಿವೃತ್ತಿಯಾದ ಮೇಲೂ ಸ್ಟೇಷನ್ನಿನ ಎದುರಿಗೇ ಬಾಡಿಗೆ ಮನೆ. ಭಾವ ತೀರಿಕೊಂಡ ಮೇಲೆ ನಾವೇ ಹೋಗಿ ಅಕ್ಕನನ್ನು ಕರೆತಂದೆವು. ಬಂದವಳು ಊಟ ಬಿಟ್ಟಳು. ಬಿಟ್ಟಳೆಂದರೆ ಹಟದಿಂದಲ್ಲ, ಮುದ್ದೆ ಮುರಿಯುವಳು, ಸಾರಿನಲ್ಲಿ ಅದ್ದುವಳು, ಆಮೇಲೆ ಆ ತುತ್ತನ್ನು ಮರೆತೇಬಿಡುವಳು. ರವಿಕೆ ತೋಳಿನಲ್ಲಿ ಜೋಲಾಡತೊಡಗಿತು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, "ಕಾಯಿಲೆ ಏನಿಲ್ಲ, ಹೆಂಗಾರ ಮಾಡಿ ಊಟ ಮಾಡಿಸ್ರಿ, ಹಿಂಗೇ ಆದ್ರೆ ಕಷ್ಟ" ಎಂದರು. ನನಗೆ ಭಯವಾಯಿತು. ತಾಯಿಯಿಲ್ಲದ ನನ್ನನ್ನು ಉಣಿಸಿ ಬೆಳೆಸಿದವಳು ಅವಳು.

ದುಃಖ ಕೆದಕಬಾರದೆಂದು ಗಂಡಹೆಂಡಿರು ಗುಟ್ಟಾಗಿ ಒಂದು ಕಾನೂನು ಮಾಡಿಕೊಂಡೆವು: ಮನೆಯಲ್ಲಿ ಭಾವನ ಮಾತು ಬೇಡ, ರೈಲಿನ ಮಾತು ಬೇಡ, ಜಾಜೂರಿನ ಹೆಸರಂತೂ ಬೇಡವೇ ಬೇಡ. ಆಮೇಲೆ ಗಿರಿಜೆಗೆ ಆ ಊರು "ಆ ಕಡೆ" ಆಯಿತು. ನಾನಂತೂ ಹಿತ್ತಿಲಿನ ಜಾಜಿ ಹೂವನ್ನು "ಬಿಳೀ ಹೂವು" ಎನ್ನುವಷ್ಟು ಜಾಗ್ರತೆಯ ಶಿಖರ ಏರಿದ್ದೆ. ನನ್ನ ಸಂಗೀತವನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ.

ಒಂದು ಭಾನುವಾರ ಗಿರಿಜೆ ಮುದ್ದೆ ತಿರುವುತ್ತಿದ್ದಳು, ಮೊಬೈಲಿನಲ್ಲಿ ದಪ್ಪ ತಂತಿ ಗುಂಯ್ಗುಡುತ್ತಿತ್ತು. ಬಾಗಿಲ ಹತ್ತಿರ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಕ್ಕ, "ಏನೋ ಅದು, ಗುದುಗುದು ಅಂತೈತೆ?" ಎಂದಳು. ತಿಂಗಳುಗಳ ಮೇಲೆ ಅವಳಾಗಿ ಕೇಳಿದ ಮೊದಲ ಪ್ರಶ್ನೆ. ಆ ಸಂತೋಷದಲ್ಲಿ ಕಾನೂನು ಮರೆತು, "ಜಾಜ್, ಅಕ್ಕ" ಎಂದುಬಿಟ್ಟೆ.

"ಜಾಜೂರ್ದಾ?"

ಗಿರಿಜೆಯ ಕೋಲು ನಿಂತಿತು. ಮುದ್ದೆಯಲ್ಲಿ ಕೋಲು ನಿಲ್ಲಬಾರದು, ನಿಂತರೆ ಗಂಟಾಗುತ್ತದೆ, ಆಯಿತು. ಶಬ್ದಮೂಲಗಳ ಬಗ್ಗೆ ಗಂಟೆಗಟ್ಟಲೆ ಕೊರೆಯುವ ನಾನು ಅಳುಕಿ, "ಹ್ಞೂಂ ಅಕ್ಕ, ಜಾಜೂರ್ದೇ" ಎಂದೆ.

"ಹಂಗನ್ನು. ಗೂಡ್ಸ್ ಗಾಡಿ ಹೊರಟಂಗೇ ಐತೆ" ಎಂದು ಅಕ್ಕ ಬೆಳ್ಳುಳ್ಳಿ ಬಿಡಿಸುವುದನ್ನು ಮುಂದುವರಿಸಿದಳು. ಅವತ್ತು ಆ ಗಂಟುಮುದ್ದೆಯನ್ನು ಪೂರಾ ಉಂಡಳು.

ಮಾರನೆಯ ದಿನದಿಂದ ಊಟದ ಹೊತ್ತಿಗೆ "ಲೇ ತಮ್ಮ, ಜಾಜೂರ್ ಹಾಡು ಹಾಕೋ" ಎಂಬ ಅಪ್ಪಣೆ. ನನ್ನ ಶಾಸ್ತ್ರ ಅಲ್ಲಿಗೆ ಮಣ್ಣುಪಾಲಾಯಿತು. ನಾನು ಸಾರಿಗೆಂದು ಆರಿಸಿದ ಹಾಡು ಅಕ್ಕನಿಗೆ ಕ್ರಾಸಿಂಗಿಗೆ ಕಾಯುತ್ತ ನಿಂತ ಪ್ಯಾಸೆಂಜರ್ ಗಾಡಿ, ಮಂಡಕ್ಕಿಯ ಹಾಡು ನಿಲ್ಲದೆ ಹೋಗುವ ಎಕ್ಸ್‌ಪ್ರೆಸ್ಸು. ಒಂದು ಹಾಡಿನ ನಡುವೆ ತುತ್ತೂರಿ ಸಣ್ಣಗೆ ಕೆಮ್ಮಿದಾಗ, "ನಿಮ್ಮ ಭಾವ ಡ್ಯೂಟಿ ಮುಗಿಸ್ಕಂಡು ಬಂದ್ರೆ ಬಾಗ್ಲಾಗೆ ಹಿಂಗೇ ಕೆಮ್ಮೋರು" ಎಂದಳು. ರವಿಕೆ ಮತ್ತೆ ತೋಳಿಗೆ ಕೂತಿತು. "ನಿಮ್ಮ ಶಾಸ್ತ್ರಕ್ಕಿಂತ ಅಕ್ಕಂದೇ ವಾಸಿ" ಎಂದು ಗಿರಿಜೆ ನನ್ನನ್ನು ಕುಟುಕಿದಳು, ಕುಟುಕಿಸಿಕೊಂಡು ಖುಷಿಪಟ್ಟೆ.

ಆದರೆ ಮೇಷ್ಟರ ಜಾತಿ ಕೆಟ್ಟದ್ದು. ಸ್ವಂತ ಮನೆಯಲ್ಲೇ ಒಂದು ಸುಳ್ಳು ವ್ಯುತ್ಪತ್ತಿ ಉಂಡು ತೇಗುತ್ತಿರುವುದು ನನಗೆ ಅರಗಲಿಲ್ಲ. ಮೊನ್ನೆ ಊಟಕ್ಕೆ ಕುಂತಾಗ, ಅಕ್ಕ ಈಗ ಗಟ್ಟಿಯಾಗಿದ್ದಾಳೆಂಬ ಧೈರ್ಯದಲ್ಲಿ, ಜಾಜ್‌ಗೂ ಜಾಜೂರಿಗೂ ಏನೇನೂ ಸಂಬಂಧವಿಲ್ಲವೆಂದೂ ಅದು ಸಮುದ್ರದಾಚೆಯ ಜನ ಕಟ್ಟಿದ ಸಂಗೀತವೆಂದೂ ಪೀಠಿಕೆ ಹಾಕಿದೆ. ಗಿರಿಜೆ ಕಣ್ಣಿನಲ್ಲೇ ಸುಟ್ಟಳು. ಅಕ್ಕ ತುತ್ತು ನುಂಗಿ, ನೀರು ಕುಡಿದಳು.

"ಗೊತ್ತೈತೆ ಕಣೋ. ಜಾಜೂರ್ನಾಗೆ ಬಾಳ್ವೆ ಮಾಡ್ದೋಳು ನಾನು, ಅಲ್ಲಿ ಇಂಥ ಹಾಡು ಯಾವ್ದೂ ಇಲ್ಲ ಅಂತ ನಂಗೆ ತಿಳಿಯಲ್ವಾ? ನೀವಿಬ್ರೂ ಆ ಊರ ಹೆಸ್ರೇ ಎತ್ತತಿರ್ಲಿಲ್ಲ. ಅವ್ರು ಹುಟ್ಟೇ ಇರ್ಲಿಲ್ಲ ಅನ್ನಂಗಾಗಿತ್ತು ನಂಗೆ. ಅವತ್ತು ಸುಮ್ನೆ ಕೇಳ್ದೆ, ನೀನು ಹ್ಞೂಂ ಅಂದೆ. ಗಂಟ್ಲಾಗೆ ತುತ್ತು ಇಳೀತು."

ಗಿರಿಜೆ ಅಕ್ಕನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟು, "ಅಕ್ಕಾ, ಜಾಜೂರ್ನಾಗೆ ಭಾವನೋರು ಯಾವ ಸಾರು ಕೇಳ್ತಿದ್ರು?" ಎಂದಳು. ಅಕ್ಕ ಹೇಳಿದಳು, ಅತ್ತಳು, ಉಂಡಳು. ಮುದ್ದೆಗೆ ಹೊಂದುವ ಸಂಗೀತ ಯಾವುದೆಂದು ಈಗ ಯಾರಾದರೂ ಕೇಳಿದರೆ, ನಮ್ಮ ಮನೆಯಲ್ಲಿ ಅದು ಭಾವನ ಸುದ್ದಿ.