ತುಲಾಭಾರದ ಪಾಯಿಂಟ್ ಫೋರ್

ಹೋದ ವರ್ಷ ನಾನು ನ್ಯುಮೋನಿಯಾ ಹಿಡಿದು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಮಲಗಿದ್ದಾಗ, ಕಮಲಾಪುರದಲ್ಲಿರುವ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ನನ್ನನ್ನು ಒಂದು ಮಾತು ಕೇಳದೆ ಹರಕೆ ಹೊತ್ತುಬಿಟ್ಟಿದ್ದಳು. ನಾನು ಎದ್ದು ಓಡಾಡುವಂತಾದರೆ ಅವರೂರ ಗುಡಿಯಲ್ಲಿ ನನ್ನ ತೂಕದಷ್ಟು ಕೆಂಪು ಬಾಳೆಹಣ್ಣು. ಹರಕೆ ಅವಳದು, ತಕ್ಕಡಿ ಏರಬೇಕಾದವಳು ನಾನು. ವೆರಿ ಕನ್ವೀನಿಯಂಟ್.

ಎದ್ದು ಓಡಾಡಿದೆ. ಫೋನ್ ಬಂತು.

"ಯಕ್ಕಾ, ತ್ವಾಟದವರಿಗೆ ಹಣ್ಣು ಹೇಳಬೇಕ್ರಿ. ಈಗ ಎಷ್ಟು ಕಿಲೋ ಅದೀರಿ?"

ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯ ತೂಕದ ಮಷೀನು ನಲವತ್ತೊಂಬತ್ತು ಪಾಯಿಂಟ್ ನಾಲ್ಕು ಎಂದಿತು. ಕಾನ್ವೆಂಟಿನಲ್ಲಿ ಮ್ಯಾಥ್ಸ್ ಸಿಸ್ಟರ್ ಕಲಿಸಿದ್ದು ನನಗಿನ್ನೂ ಪ್ರೇಯರ್‌ನಂತೆ ಬಾಯಿಪಾಠ: ಐದಿದ್ದರೆ, ಐದರ ಮೇಲಿದ್ದರೆ ಏರಿಸು, ಕೆಳಗಿದ್ದರೆ ಬಿಡು. "ನಲವತ್ತೊಂಬತ್ತು" ಎಂದೆ. ಹೆಂಗಸೊಬ್ಬಳು ತನ್ನ ತೂಕ ಹೇಳುವ ಹೊತ್ತಿಗೆ ಗಣಿತವೂ ಅವಳ ಪಕ್ಷ ವಹಿಸುವುದೆಂದರೆ ಸಣ್ಣ ಸುಖವಲ್ಲ.

ಗುಡಿಯಲ್ಲಿ ಸರಪಳಿಯ ದೊಡ್ಡ ತಕ್ಕಡಿ ಕಟ್ಟಿದ್ದರು. ಒಂದು ತಟ್ಟೆಯಲ್ಲಿ ನಾನು, ಎದುರಿನದರಲ್ಲಿ ತೋಟದವರು ತೂಗಿ ಕಳಿಸಿದ್ದ ಹಣ್ಣು. ಕೊನೆಯ ಚಿಪ್ಪು ಇಟ್ಟ ಮೇಲೂ ಹಣ್ಣಿನ ತಟ್ಟೆ ಮೇಲೆಯೇ ತೂಗಾಡುತ್ತಿತ್ತು. ನನ್ನದು ಹಟ ಹಿಡಿದು ನೆಲಕ್ಕೆ ಕೂತಿತ್ತು.

"ಕನ್ನಡಕ ತೆಗೀರಿ," ಎಂದಳು ನೆಗೆಣ್ಣಿ. ತೆಗೆದೆ. "ಶಾಲು." ಕೊಟ್ಟೆ. "ಹಲ್ಲಿನ ಸೆಟ್ಟು?"

"ಎಕ್ಸ್‌ಕ್ಯೂಸ್ ಮಿ!"

"ಮತ್ತ ಫೋನಿನ್ಯಾಗ ನಲವತ್ತೊಂಬತ್ತು ಅಂದಿದ್ರೆಲ್ಲ?"

"ಮ್ಯಾಲೆ ಪಾಯಿಂಟ್ ಫೋರ್ ಇತ್ತವಾ. ಬಿಟ್ಟೆ. ಅದು ನಮ್ಮ ಮ್ಯಾಥ್ಸ್ ಸಿಸ್ಟರ್ ರೂಲ್."

"ನಿಮ್ಮ ಸಿಸ್ಟರ್ ಬಂದು ಈ ತಕ್ಕಡಿಗೆ ಹೇಳ್ತಾರೇನ್ರಿ ಆ ರೂಲು?"

ಪೂಜೆಯ ಅಯ್ಯನವರು ನಕ್ಕರು. "ಇರ್ಲಿ ಬಿಡವ್ವ, ಬರೋಬರಿ ಆದಂಗೇ ಆತು. ದೇವರು ನಡಸ್ಕೊಂತಾನ."

"ನೋಡು, ದೇವರೂ ರೌಂಡ್ ಆಫ್ ಮಾಡ್ತಾನ," ಎಂದು ನಾನು ಇಳಿಯಲು ಕಾಲು ಚಾಚಿದೆ.

"ಕುಂದರ್ರಿ ಸುಮ್ಕ!"

ಅವಳ ದನಿ ನಡುಗಿದ್ದು ಕೇಳಿ ಕಾಲು ಒಳಗೆಳೆದುಕೊಂಡೆ.

"ದವಾಖಾನಿ ಬಾಗಿಲದಾಗ ನಿಂತು, ನಮ್ಮಕ್ಕನ್ನ ಪೂರಾ ಕೊಡು ಅಂತ ಬೇಡೀನಿ. ಜರಾ ಕಮ್ಮಿ ಕೊಡು ಅಂದಿಲ್ಲ. ಅಂವಾ ಪೂರಾ ಕೊಟ್ಟಾನ. ನಾ ಹೆಂಗ ಕಮ್ಮಿ ಕೊಡ್ಲಿ?"

ಅವಳು ಹಾಗೆ ಬಾಗಿಲಲ್ಲಿ ನಿಂತದ್ದು ನನಗೆ ಅವತ್ತೇ ಗೊತ್ತಾದದ್ದು. ತಟ್ಟೆಯಲ್ಲಿ ಮತ್ತೆ ನೆಟ್ಟಗೆ ಕೂತೆ. ಅವಳು ಬಿರಬಿರನೆ ಹೊರಗೆ ಹೋಗಿ, ನಾನು ಕಲಬುರಗಿಗೆ ಒಯ್ಯಲೆಂದು ಕಾರಿನಲ್ಲಿ ತೆಗೆದಿಟ್ಟಿದ್ದ ಚಿಪ್ಪನ್ನೇ ತಂದಳು. ಎರಡು ಹಣ್ಣು ಕಿತ್ತಿಟ್ಟರೆ ಸಾಕಿತ್ತೇನೋ. ಇಡೀ ಚಿಪ್ಪನ್ನೇ ಇಟ್ಟಳು. ಹಣ್ಣಿನ ತಟ್ಟೆ ಧಪ್ಪನೆ ಕೆಳಗೆ ಬಿತ್ತು. ನಾನು ಸೀ-ಸಾ ಏರಿದ ಕೂಸಿನಂತೆ ಗಾಳಿಯಲ್ಲಿ ಕಾಲು ಜೋತುಬಿಟ್ಟುಕೊಂಡು ಮೇಲೆ ಹೋದೆ.

"ಹೆಚ್ಚಾತಲ್ಲೇ, ಭಾಳ ಹೆಚ್ಚಾತು!"

"ಆಗ್ಲಿ," ಎಂದಳು, ಒಂದು ಕೈಯಲ್ಲಿ ಸೆರಗಿನಿಂದ ಕಣ್ಣೊರೆಸುತ್ತ, ಇನ್ನೊಂದರಲ್ಲಿ ನನ್ನ ಸರಪಳಿ ಹಿಡಿದು. "ಸಾವಕಾಶ ಇಳೀರಿ ಈಗ. ಬಿದ್ದು ಮತ್ತ ದವಾಖಾನಿ ಹತ್ತಿದ್ರ ಇಷ್ಟು ಹಣ್ಣು ನಾ ಎಲ್ಲಿಂದ ತರ್ಲಿ?"