ಬೀರುವಿನೊಳಗಿದ್ದ ಕಾರ್ಡು

ಮೆಟ್ರೋ ಮೆಟ್ಟಿಲು ಹತ್ತುವಾಗ ಏದುಸಿರು ಬಂತು ಅಂತ ಹೋದ ವಾರ ಅಣ್ಣನನ್ನು ಹಿಮಾಯತ್‌ನಗರದ ಕ್ಲಿನಿಕ್ಕಿಗೆ ಕರೆದೊಯ್ದಿದ್ದೆ. ಡಾಕ್ಟರು ಕೇಳಿದ್ದು ಸರಳ ಪ್ರಶ್ನೆ. ಈಗ ಏನು ಔಷಧಿ ನಡೀತಿದೆ?

ಮೂರು ವಾರಕ್ಕೊಂದು ಶಕ್ತಿ ಇಂಜೆಕ್ಷನ್, ಅಷ್ಟೇ ಅಂತ ಅಣ್ಣ ತೆಲುಗಿನಲ್ಲಿ ಹೇಳಿದ. ಪಕ್ಕದಲ್ಲೇ ಕೂತಿದ್ದ ನಾನು ತುಟಿ ಬಿಚ್ಚಲಿಲ್ಲ.

ಅದು ಶಕ್ತಿ ಇಂಜೆಕ್ಷನ್ ಅಲ್ಲ. ಕ್ಯಾನ್ಸರಿಗೆ ಕೊಡುವ ಇಮ್ಯುನೊಥೆರಪಿ. ಅಣ್ಣನೊಬ್ಬನನ್ನು ಬಿಟ್ಟು ಮನೆಮಂದಿಗೆಲ್ಲ ಗೊತ್ತಿತ್ತು. (ಗುಲಬರ್ಗಾದ ಬೀಗರಿಗೂ!) ಶ್ವಾಸಕೋಶದಿಂದ ತೆಗೆದದ್ದು ಸಾದಾ ಗಡ್ಡೆ ಅಂತ ಅವನಿಗೆ ಹೇಳಿದ್ದು ಅವನ ಹೆಂಡತಿ, ನಮ್ಮ ವೈನಿ. "ಕೇಳಿದ್ರ ಎದಿ ಒಡಕೋತಾರ" ಅಂತ ಅವರ ಭಯ. ನಾವೆಲ್ಲ ತಲೆಯಾಡಿಸಿದೆವು. ರೋಗಿಗೆ ರೋಗದ ಹೆಸರು ಹೇಳದಿರುವುದನ್ನೇ ನಾವು ಪ್ರೀತಿ ಅಂತ ತಿಳಿದಿದ್ದೇವಲ್ಲ!

ಇಂಜೆಕ್ಷನ್ ಕೊಡುವ ಆಸ್ಪತ್ರೆಯವರು ಒಂದು ಕಾರ್ಡು ಕೊಟ್ಟಿದ್ದರು. ಸದಾ ಪರ್ಸಿನಲ್ಲಿರಲಿ, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ತೋರಿಸಿ ಅಂದಿದ್ದರು. ಈ ಔಷಧಿ ಮೈಯೊಳಗಿನ ಕಾವಲು ಶಕ್ತಿಯನ್ನು ಎಬ್ಬಿಸಿ ಕ್ಯಾನ್ಸರಿನ ಮೇಲೆ ಬಿಡುತ್ತದಂತೆ. ಅಪರೂಪಕ್ಕೆ ಅದು ಹೃದಯದ ಮೇಲೇ ತಿರುಗಿಬೀಳುತ್ತದೆ. ಏದುಸಿರು, ಸುಸ್ತು, ಎದೆಬಡಿತ ಕಂಡರೆ ತಡ ಮಾಡಬೇಡಿ ಅಂತ ನರ್ಸ್ ಎರಡೆರಡು ಸಲ ಹೇಳಿದ್ದರು. ಆ ಕಾರ್ಡನ್ನು ನಾವು ಎಲ್ಲಿಟ್ಟಿದ್ದೆವು? ಬೀರುವಿನಲ್ಲಿ, ವೈನಿಯ ರೇಷ್ಮೆ ಸೀರೆಗಳ ಕೆಳಗೆ. ಅಣ್ಣ ಓದಿಬಿಟ್ಟರೆ?

ಕೊಂಡಾಪುರದ ಕಂಪನಿಯಲ್ಲಿ ಯಾವ ಮಾಹಿತಿ ಯಾರಿಗೆ, ಯಾವಾಗ ತಲುಪಬೇಕು ಅಂತ ನೋಡುವುದೇ ನನ್ನ ಕೆಲಸ. (ಅದಕ್ಕೆ ಅವಾರ್ಡೂ ಬಂದಿದೆ. ನಗಬೇಡಿ.)

ಡಾಕ್ಟರು ಗ್ಯಾಸ್ ಅಂದರು, ಮಾತ್ರೆ ಬರೆದರು. ಅವರಿಗೆ ಹೇಳಿದವರಾದರೂ ಯಾರು? ಹೊರಗೆ ಬಂದ ಮೇಲೆ, ಒಂದು ನಿಮಿಷ ಮತ್ತೆ ಒಳಗೆ ಹೋಗಿ ನಿಜ ಹೇಳಿ ಬರೋಣ ಅಂದುಕೊಂಡೆ. ಅಣ್ಣ ನನ್ನ ಕೈ ಹಿಡಿದುಕೊಂಡೇ ಮೆಟ್ಟಿಲಿಳಿದ. ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಎರಡು ದಿನ ಕಳೆದು ಉಪ್ಪಲ್‌ನ ಮನೆಯಲ್ಲಿ, ಬಚ್ಚಲಿಂದ ಮಂಚದವರೆಗೆ ಬರುವಷ್ಟರಲ್ಲಿ ಅಣ್ಣ ಕುಸಿದ. ಆಗ ನೆನಪಾಯಿತು ಕಾರ್ಡು! ಕೀಲಿ ಸಿಗದೆ ವೈನಿ ಅಳುತ್ತಿದ್ದರು, ನಾನು ಬೀರುವಿಗೆ ಒದೆಯುತ್ತಿದ್ದೆ. ಕೊನೆಗೆ ಕೀಲಿ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಆಸ್ಪತ್ರೆಯವರು ಕಾರ್ಡು ನೋಡಿದ ಕೂಡಲೇ ಇಸಿಜಿ, ರಕ್ತಪರೀಕ್ಷೆಗೆ ಓಡಿದರು. ಹೃದಯದ ಸ್ನಾಯು ಊದಿಕೊಂಡಿತ್ತು. ಇಂಜೆಕ್ಷನ್ ನಿಲ್ಲಿಸಿ ಸ್ಟೀರಾಯ್ಡ್ ಶುರು ಮಾಡಿದರು. ಏದುಸಿರು ಬಂದ ದಿನವೇ ಯಾಕೆ ಕರೆತರಲಿಲ್ಲ ಅಂತ ಕೇಳಿದರು.

ಅಣ್ಣ ಬದುಕಿದ. ನಿನ್ನೆ ವಾರ್ಡಿನಲ್ಲಿ ಕೂತು ನಾನೇ ಎಲ್ಲ ಹೇಳಿ, ಕಾರ್ಡನ್ನು ಅವನ ಕೈಗಿಟ್ಟೆ. ಇಲ್ಲಿನ ರಕ್ಷಣಾ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಿಡಿಭಾಗಗಳನ್ನು ಪರೀಕ್ಷಿಸಿ, ಒಂದೊಂದಕ್ಕೂ ಅದರ ವಿವರ ಬರೆದ ಚೀಟಿ ಕಟ್ಟಿದ ಮನುಷ್ಯ. ಎದೆ ಒಡೆದುಕೊಳ್ಳಲಿಲ್ಲ. ಕನ್ನಡಕ ಕೇಳಿದ. ಕಾರ್ಡಿನ ಎರಡೂ ಬದಿ ಓದಿದ.

"ಚೀಟಿ ಇಲ್ಲದ ಒಂದು ಬೋಲ್ಟೂ ನಾ ಹೊರಗ ಬಿಟ್ಟಿಲ್ಲ ತಂಗಿ," ಅಂದ. "ನನ್ನ ಹೆಂಗ ಬಿಟ್ರಿ?"