ಗುಹೆಯ ಬಾಗಿಲಿಗೆ ನಾನು ಬರೆದುಕೊಟ್ಟ ಪದ

ಲೋಲಾಗೆ ನಾನು ಒಂದು ಪದದ ಅರ್ಥವನ್ನು ಸುಳ್ಳು ಹೇಳಿದೆ. ಆರು ವರ್ಷವಾಯಿತು. ಬೈಗುಳವನ್ನು ಬಿರುದೆಂದು ನಂಬಿಸಿದೆ — ಅವಳು ನಂಬಿದಳು.

ಲೋಲಾ ಅಮೆರಿಕದ ಜರ್ಸಿ ಸಿಟಿಯಲ್ಲಿ, ಒಂದು ಲಾಂಡ್ರಿಯ ಮೇಲಿನ ಕೋಣೆಯಲ್ಲಿ ಫ್ಲಮೆಂಕೊ ಎಂಬ ಸ್ಪೇನಿನ ಕುಣಿತ ಕಲಿಸುತ್ತಾಳೆ. ಆಫೀಸು ಮುಗಿಸಿ, ಎಡಿಸನ್‌ನ ಮನೆಗೆ ರೈಲು ಹಿಡಿಯುವ ಮೊದಲು ನಾನು ಅಲ್ಲಿಗೆ ಕಲಿಯಲು ಹೋಗುತ್ತಿದ್ದೆ. ಅವಳು ಸ್ಪೇನಿನ ಗ್ರಾನಡಾದವಳು, ಹೊರಗಿನವರು ಜಿಪ್ಸಿ ಎಂದು ಕರೆಯುವ ರೋಮಾ ಜನಾಂಗದವಳು. ಗುಡ್ಡ ಕೊರೆದು ಮಾಡಿದ ಗುಹೆಮನೆಯಲ್ಲಿ ಹುಟ್ಟಿದವಳು. ಸುಣ್ಣ ಬಳಿದ ಗೋಡೆ, ಗೋಡೆ ತುಂಬ ತಾಮ್ರದ ಪಾತ್ರೆ, ಎರಡೂ ಬದಿಗೆ ಕುರ್ಚಿ. ನಡುವಿನ ಇಕ್ಕಟ್ಟು ಜಾಗದಲ್ಲಿ ಅವಳಮ್ಮ ಬರಿಗಾಲಲ್ಲಿ ಸಾಂಬ್ರಾ ಕುಣಿಯುತ್ತಿದ್ದಳಂತೆ. ಅದು ಅವರ ಮದುವೆಮನೆಗಳ ಕುಣಿತ.

"ನಮ್ಮ ಹಿರಿಯರು ನಿಮ್ಮ ದೇಶದಿಂದ ಬಂದವರಂತೆ. ನಮಗೆ ಅಂತ ನಿಮ್ಮಲ್ಲಿ ಒಂದು ಪದವೂ ಉಳಿದಿಲ್ಲವಾ?" ಎಂದು ಲೋಲಾ ಆಗಾಗ ಕೇಳುತ್ತಿದ್ದಳು. ನಾನು ನಕ್ಕು ಮಾತು ಬದಲಿಸುತ್ತಿದ್ದೆ.

ಆ ವರ್ಷದ ಯುಗಾದಿ ಕಾರ್ಯಕ್ರಮಕ್ಕೆ ಅವಳನ್ನು ಕರೆದವಳು ನಾನೇ. ಶಾಲೆಯೊಂದರ ಸಭಾಂಗಣದಲ್ಲಿ ರಿಹರ್ಸಲ್ ನಡೆಯುತ್ತಿತ್ತು. ಲೋಲಾ ಕಾಲು ಬಡಿದು, ಕೊರಳೆತ್ತಿ ಹಾಡುತ್ತಿದ್ದಂತೆ ನಮ್ಮ ಕನ್ನಡ ಸಂಘದ ಹಿರಿಯ ಅಂಕಲ್ ಒಬ್ಬರು ಮೂಗು ಮುರಿದರು.

"ಏನಮ್ಮಾ ಇದು, ಹಬ್ಬದ ಪ್ರೋಗ್ರಾಂನಲ್ಲಿ ಡೊಂಬರಾಟ! ಇದನ್ನೆಲ್ಲ ಊಟದ ಟೈಮಿಗೆ ಇಟ್ಕೋ."

ಲೋಲಾ ವೇದಿಕೆಯಿಂದ ಇಳಿದು ಬಂದು, ಅವರು ಹೇಳಿದ ಆ ಪದ ಏನು ಎಂದು ನನ್ನನ್ನು ಕೇಳಿದಳು. ಅಂಕಲ್ ಅಲ್ಲೇ ನಿಂತಿದ್ದರು. ನಾನು ಅವರ ಮುಖಕ್ಕೆ ಎದುರು ಹೇಳಬಹುದಿತ್ತು — ಕೊನೆಪಕ್ಷ ಅವಳ ಪ್ರಶ್ನೆಯನ್ನು ತೇಲಿಸಿಬಿಡಬಹುದಿತ್ತು. ಆದರೆ ಮುಂದಿನ ಕಾರ್ಯಕ್ರಮದಲ್ಲಿ ನನ್ನ ಮಗಳ ಭರತನಾಟ್ಯಕ್ಕೆ ಜಾಗ ಬೇಕಿತ್ತು, ಕೊಡುವವರು ಅವರೇ. ಅಷ್ಟೇ. ಅಷ್ಟಕ್ಕಾಗಿ — ಬರೆಯುವಾಗಲೂ ಹೇಸಿಗೆಯಾಗುತ್ತದೆ.

"ನಿಮ್ಮ ಜನರ ಕುಣಿತಕ್ಕೆ ನಮ್ಮಲ್ಲಿರುವ ಹಳೆಯ ಪದ," ಎಂದೆ.

ಅವಳ ಕಣ್ಣು ತುಂಬಿತು. ಅಂಕಲ್ ಕೆಮ್ಮಿ ಆಚೆ ಹೋದರು.

ಕಾರ್ಯಕ್ರಮದ ದಿನ ಅವಳು ಮೈಕ್ ಹಿಡಿದು, ಕಲಿತುಕೊಂಡು ಬಂದ ಕನ್ನಡದಲ್ಲಿ ಹೇಳಿದಳು: "ನಮಸ್ಕಾರ. ಇದು ನನ್ನ ಅಮ್ಮನ ಡೊಂಬರಾಟ." ಸಭಾಂಗಣವೇ ಗೊಳ್ಳೆಂದಿತು. ಸಂತೋಷಕ್ಕೆ ನಗುತ್ತಿದ್ದಾರೆಂದು ಅವಳು ಎದೆ ಮುಟ್ಟಿಕೊಂಡು ಬಾಗಿದಳು. ನಾನು — ನಾನೂ ನಕ್ಕೆ.

ಆಮೇಲೆ ಅವಳು ಆ ಪದವನ್ನು ಕನ್ನಡದಲ್ಲಿ ಬರೆದುಕೊಡು ಎಂದಳು. ಅಕ್ಷರ ದುಂಡಗೆ ಬರಲೆಂದು ಮೂರು ಸಲ ಬರೆದೆ. ಅದನ್ನು ಗ್ರಾನಡಾದಲ್ಲಿರುವ ಅವಳ ತಮ್ಮ ಹೆಂಚಿನ ಮೇಲೆ ನೀಲಿ ಬಣ್ಣದಲ್ಲಿ ಮೂಡಿಸಿ, ಅಮ್ಮ ಬದುಕಿದ್ದ ಗುಹೆಯ ಬಾಗಿಲ ಮೇಲೆ ಹಾಕಿಸಿದ.

ಹೋದ ವಾರ ನಮ್ಮ ಸಂಘದವರೊಬ್ಬರು ಸ್ಪೇನ್ ಪ್ರವಾಸ ಹೋಗಿ, ಆ ಹೆಂಚಿನ ಕೆಳಗೆ ನಿಂತು ಫೋಟೊ ತೆಗೆಸಿಕೊಂಡು ಸಂಘದ ವಾಟ್ಸಾಪ್ ಗ್ರೂಪಿಗೆ ಕಳಿಸಿದರು. "ಡೊಂಬರಿಗೆ ಕೊನೆಗೂ ಬೋರ್ಡ್ ಸಿಕ್ತು!" ಕೆಳಗೆ ನಗುವ ಮುಖಗಳ ಸಾಲು. ಒಂದನ್ನು ನಾನೂ ಒತ್ತಿದೆ. ಅಳಿಸಿದೆ, ಆದರೆ ಒತ್ತಿದ್ದು ಒತ್ತಿದ್ದೇ.

ರೋಮಾ ಎಂಬ ಹೆಸರಿಗೂ ನಮ್ಮ ಡೊಂಬ ಪದಕ್ಕೂ ಬೇರು ಒಂದೇ ಇರಬಹುದೆಂದು ಆಮೇಲೆ ಎಲ್ಲೋ ಓದಿದೆ. ಓದಿದಾಗ ಎಷ್ಟು ಹಗುರವಾಯಿತು — ಹಾಗಾದರೆ ನಾನು ಹೇಳಿದ್ದು ನಿಜವೇ ಅಲ್ಲವೇ ಎಂದುಕೊಂಡೆ. ಆ ನೆಮ್ಮದಿಯೇ ನನಗೆ ಎಲ್ಲಕ್ಕಿಂತ ಅಸಹ್ಯ. ಹಗ್ಗದ ಮೇಲೆ ನಡೆದು ಹೊಟ್ಟೆ ಹೊರೆದ ಡೊಂಬರ ಹೆಸರನ್ನೂ ಬೈಗುಳ ಮಾಡಿಕೊಂಡ ಬಾಯಿ ನಮ್ಮದು. ಅದೇ ಬಾಯಿಂದ ನಾನು ಇನ್ನೊಬ್ಬಳ ಅಮ್ಮನ ಕುಣಿತಕ್ಕೆ ಹೆಸರಿಟ್ಟೆ.

ಶನಿವಾರ ಕ್ಲಾಸಿಗೆ ಹೋಗಿ ಹೇಳುತ್ತೇನೆ. ಆ ಪದಕ್ಕೆ ನಾವು ಕೊಡುವ ಅರ್ಥ, ಅವತ್ತು ಜನ ಏಕೆ ನಕ್ಕರೆಂಬುದು, ಅವರ ಜೊತೆ ನಾನೂ ನಕ್ಕದ್ದು — ಎಲ್ಲವನ್ನೂ. ಕ್ಷಮೆ ಮಾತ್ರ ಕೇಳುವುದಿಲ್ಲ. ಕೇಳಿದರೆ ಲೋಲಾ ಕೊಟ್ಟುಬಿಡುತ್ತಾಳೆ.